ಮುಕ್ರಮನ ದನಿ ಹಿಡಿಯದವರು

ನಮ್ಮ ರ‍್ಯಾಪ್ ಆಲ್ಬಮ್ ಹೋದ ತಿಂಗಳು ಒಂದು ಶುಕ್ರವಾರ ಹೊರಬಂತು. ಅದರಲ್ಲಿ ಏಳು ಹಾಡುಗಳಿವೆ. ನಾಲ್ಕನೆಯದರ ಹೆಸರು ‘ಹೊಟ್ಟು’. ನಾಲ್ಕೇ ಸಾಲಿನ ಹಾಡು, ನಮ್ಮ ಮೂವರಲ್ಲಿ ಮುಕ್ರಮ ಒಬ್ಬನೇ ಹಾಡಿದ್ದಾನೆ. ಪ್ರತಿ ಸಾಲು ಮುಗಿಯುವ ಮೊದಲೇ ನಿಲ್ಲುತ್ತಾನೆ, ಬೀಟ್ ಒಂದೆರಡು ಪೆಟ್ಟು ಖಾಲಿ ಓಡುತ್ತದೆ, ಆಮೇಲೆ ಮುಂದಿನ ಸಾಲು ಶುರು ಮಾಡುತ್ತಾನೆ. ಈ ನಿಲ್ಲುವುದೇ ಜನಕ್ಕೆ ಹಿಡಿಸಿದೆ. ‘ಏನ್ ಫ್ಲೋ ಅಣ್ಣಾ’, ‘ಎಲ್ಲಿ ಸುಮ್ಮನಾಗಬೇಕು ಅಂತ ಇವರಿಂದ ಕಲೀಬೇಕು’ ಎಂದು ಹಾಡಿನ ಕೆಳಗೆ ನೂರಾರು ಮಂದಿ ಬರೆದಿದ್ದಾರೆ. ಕಾಲೇಜು ಹುಡುಗರು ಅವನಂತೆಯೇ ನಿಂತು ನಿಂತು ಹಾಡಿ ವಿಡಿಯೊ ಮಾಡಿ ಹಾಕುತ್ತಿದ್ದಾರೆ.

ಅದು ಫ್ಲೋ ಅಲ್ಲ, ರ‍್ಯಾಪಿನವರು ಹೇಳುವ ಮಾತಿನ ಓಟ ಅಲ್ಲ. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಸಾಲದ ಜಾಗವನ್ನು ಉಳಿದಿಬ್ಬರು, ನಾನೂ ಜುಬೇರನೂ, ತುಂಬುತ್ತೇವೆ ಎಂದು ನಂಬಿ ಬಿಟ್ಟಿದ್ದ. ನಾವು ತುಂಬಲಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಫ್ಲೋ ಎಂದು ಕರೆದವರು ನಾವೇ. ಇಷ್ಟು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಆದರೆ ಮುಕ್ರಮ ಯಾರು, ಯಾರ ಮಗ, ಹಾಡುವುದನ್ನು ಎಲ್ಲಿ ಕಲಿತ ಎಂದು ಹೇಳದೆ ಇದು ಅರ್ಥವಾಗುವುದಿಲ್ಲ.

ಅವನು ಹುಟ್ಟಿದ್ದು ಆಳಂದ ತಾಲ್ಲೂಕಿನ ಸರಸಂಬಾದಲ್ಲಿ, ಬೆಳೆದದ್ದು ಆಳಂದದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ತಂದೆ ಖಾದರಸಾಬ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಹಮಾಲರಾಗಿದ್ದರು. ತೊಗರಿಯ ಚೀಲ ಹೊತ್ತು ಹೊತ್ತು ಅವರ ಎಡ ಹೆಗಲು ಇವತ್ತಿಗೂ ಬಲಕ್ಕಿಂತ ಎರಡು ಬೆರಳು ಕೆಳಗಿದೆ. ಮೊಹರಂ ಬಂತೆಂದರೆ ಅವರು ಸರಸಂಬಾಕ್ಕೆ ಹೋಗಿ ರಿವಾಯತ ಪದ ಹಾಡುತ್ತಿದ್ದರು. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಕಟ್ಟಿದ ಪದಗಳು ಅವು. ನಮ್ಮ ಕಡೆ ಅವನ್ನು ಹಾಡುವವರಲ್ಲಿ, ಕೇಳಿ ಅಳುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ.

ಖಾದರಸಾಬರ ಮೇಳದ ಪದಗಳಲ್ಲಿ ಸಾಲುಗಳು ಉದ್ದ. ಒಬ್ಬರ ಉಸಿರಿಗೆ ಮುಗಿಯುವಂಥವಲ್ಲ. ಮುಂದೆ ಹಾಡುವವರ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಹಿಂದಿನವರು ಸಾಲನ್ನು ಎತ್ತಿಕೊಳ್ಳಬೇಕು. ಇದಕ್ಕೆ ಅವರು ದನಿ ಹಿಡಿಯುವುದು ಎನ್ನುತ್ತಿದ್ದರು. ಎಲ್ಲಿ ನಿಲ್ಲುತ್ತೇನೆಂದು ಮೊದಲೇ ಹೇಳುವಂತಿಲ್ಲ. ಕೈ ಸನ್ನೆ ಮಾಡುವಂತಿಲ್ಲ. ಹಿಂದಿನವರು ಅವರ ಎದೆ ನೋಡುತ್ತಾ, ಕತ್ತಿನ ನರ ನೋಡುತ್ತಾ ತಾವಾಗಿ ತಿಳಿಯಬೇಕು. ನಾನು ಒಮ್ಮೆ ಇದೇಕೆ ಹೀಗೆ ಎಂದು ಖಾದರಸಾಬರನ್ನು ಕೇಳಿದ್ದೆ.

“ಹೇಳಿಸಿಕೊಂಡ ಹಿಡದ್ರ ಅದೇನ್ ಹಿಡದಂಗಾತು, ಬೇಟಾ? ತಾವಾಗೇ ಬರಬೇಕಾದ ಮಂದೀನ ಹೆಣಾ ಹೊರಾಕ ಕರದಂಗಾತು” ಎಂದಿದ್ದರು.

ಒಂದು ವರ್ಷ ಅವರ ಹಿಂದೆ ನಿಂತಿದ್ದ ಚಾಂದಪಾಶಾ ಎಂಬವರು ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುವ ಗಡಿಬಿಡಿಯಲ್ಲಿ ಸಾಲು ಹಿಡಿಯಲಿಲ್ಲವಂತೆ. ಖಾದರಸಾಬರ ದನಿ ಎಲ್ಲರೆದುರು ನಡುವೆಯೇ ನಿಂತುಬಿಟ್ಟಿತು. ಅವರು ಚಾಂದಪಾಶಾರ ಜೊತೆ ಮೂರು ವರ್ಷ ಮಾತಾಡಲಿಲ್ಲ. ಮುಕ್ರಮ ಈ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಪ್ರತಿ ಸಲವೂ ಬಾಯಿಯಲ್ಲಿ ಎಲೆ ತುಂಬಿಕೊಂಡ ಚಾಂದಪಾಶಾರ ಹಾಗೆ ಕಣ್ಣು ದೊಡ್ಡದು ಮಾಡಿ ತೋರಿಸುತ್ತಿದ್ದ. ನಾನು ಪ್ರತಿ ಸಲವೂ ನಗುತ್ತಿದ್ದೆ.

ನಾನು ಅಫಜಲಪುರ ತಾಲ್ಲೂಕಿನ ಗೊಬ್ಬೂರಿನವನು. ಹೆಸರು ಜಗದೇವ. ಊರ ಬೌದ್ಧರ ಓಣಿಯಲ್ಲಿ ಏಪ್ರಿಲ್ ಬಂದರೆ ಜಯಂತಿಯ ಹಾಡು ಬರೆದುಕೊಡುತ್ತಿದ್ದ ಹುಡುಗ ನಾನೇ. ಜುಬೇರ ಜೇವರ್ಗಿಯವನು, ಅವನ ತಂದೆಗೆ ಬಸ್ ಸ್ಟ್ಯಾಂಡ್ ಎದುರು ಟೇಪು, ಮೊಬೈಲ್ ರಿಪೇರಿಯ ಅಂಗಡಿ ಇತ್ತು. ನಾವು ಮೂವರೂ ಸೇರಿದ್ದು ೨೦೦೮ರಲ್ಲಿ, ಕಲಬುರಗಿಯ ಕಾಲೇಜಿನಲ್ಲಿ. ಜುಬೇರನ ಬಳಿ ಹಳೆಯ ಕಂಪ್ಯೂಟರ್ ಇತ್ತು, ಬೀಟ್ ಮಾಡುತ್ತಿದ್ದ. ನಾನು ಮಾತು ಬರೆಯುತ್ತಿದ್ದೆ. ಮುಕ್ರಮನಿಗೆ ಗಂಟಲಿತ್ತು, ಎದೆಯಿತ್ತು. ಒಂದೇ ಉಸಿರಿನಲ್ಲಿ ಹದಿನಾರು ಸಾಲು ಹೇಳಿ, ಕೊನೆಗೆ ನಮ್ಮತ್ತ ನೋಡಿ ಹುಬ್ಬು ಹಾರಿಸುತ್ತಿದ್ದ.

“ಹೆಸರ ಏನಿಡೂಣು?” ಎಂದು ಜುಬೇರ ಕೇಳಿದಾಗ ನಾನು ಏನೇನೋ ಸಂಸ್ಕೃತದ ಹೆಸರು ಹೇಳಿದೆ.

“ಇದ ಹಾಡಿನ ಮೇಳ ಏನ್ ಹಲ್ಲಪುಡಿ ಕಂಪನಿ ಏನಲೇ?” ಎಂದ ಮುಕ್ರಮ. “ಮೂರ ತಾಲೂಕಿನಾಗಿಂದ ಮೂರ ನಾಲಾಯಕ ಬಂದೇವಿ. ತೀನ್ ತಾಲೂಕ್ ಅಂತ ಇಡ್ರಿ, ಮುಗೀತು.”

ತೀನ್ ತಾಲೂಕ್ ಎಂದೇ ಇಟ್ಟೆವು.

ಸ್ಟುಡಿಯೊಗೆ ಹೋಗುವ ಮಾತೇ ಇರಲಿಲ್ಲ. ಖಾದರಸಾಬರು ಕೆಲಸ ಮಾಡುತ್ತಿದ್ದ ಅಂಗಡಿಯ ಮಾಲೀಕರು ಬಸವಂತರಾಯ ಸಾಹುಕಾರರು. ಮಾರುಕಟ್ಟೆಗೆ ರಜೆಯಿದ್ದ ಭಾನುವಾರ ಅವರ ಗೋದಾಮಿನಲ್ಲಿ ಹಾಡಿಕೊಳ್ಳಲು ಬಿಡುತ್ತಿದ್ದರು. ಸುತ್ತಲೂ ಮಾಡಿನವರೆಗೆ ತೊಗರಿಯ ಚೀಲ. ನಡುವೆ ಮೂವರು ನಿಲ್ಲುವಷ್ಟು ಸಂದು. ಆ ಸಂದಿನಲ್ಲಿ ಹೊರಗಿನ ಒಂದು ಸದ್ದೂ ಬರುತ್ತಿರಲಿಲ್ಲ, ಒಳಗಿನ ದನಿ ಮಾರ್ದನಿಯಾಗುತ್ತಿರಲಿಲ್ಲ. ಇದನ್ನು ಕಂಡುಹಿಡಿದವನು ಮುಕ್ರಮ. ಚಿಕ್ಕವನಿದ್ದಾಗ ಅಪ್ಪನ ಕೈಗೆ ಸಿಗದಂತೆ ಅಲ್ಲೇ ಅಡಗಿ ಕೂರುತ್ತಿದ್ದನಂತೆ, ಕೂಗಿದರೂ ಕೇಳುತ್ತಿರಲಿಲ್ಲವಂತೆ. ಸಾಹುಕಾರರು ಬಾಗಿಲ ಬಳಿ ಬಂದು ನಿಂತು, “ಎಷ್ಟರ ಬೈದಾಡ್ರಿ, ಚೀಲದ ಮ್ಯಾಗ ಮಾತ್ರ ಉಗುಳಬ್ಯಾಡ್ರಿ” ಎಂದು ಹೇಳಿ ಹೋಗುತ್ತಿದ್ದರು. ನಮ್ಮ ರ‍್ಯಾಪ್ ಅವರಿಗೆ ಬೈದಾಟವಾಗಿಯೇ ಕೇಳುತ್ತಿತ್ತು.

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುವವರ ಮೇಲೆ ನಾವು ಮಾಡಿದ ‘ಬಸ್ ಬರ್ಲಿಲ್ಲ’ ಎಂಬ ಹಾಡು ಒಂದೆರಡು ವರ್ಷ ಚೆನ್ನಾಗಿ ಓಡಿತು. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಕಿ ಕೊಡುತ್ತಿದ್ದರು. ಆಟೊಗಳಲ್ಲಿ ಕೇಳಿಸುತ್ತಿತ್ತು. ಮದುವೆಗೆ, ಕಾಲೇಜಿಗೆ ಕರೆಯುತ್ತಿದ್ದರು. ೨೦೧೧ರಲ್ಲಿ ಜೇವರ್ಗಿಯ ಒಂದು ಕಾರ್ಯಕ್ರಮದಲ್ಲಿ, ಒಂದೆರಡು ಸಾವಿರ ಜನರ ಎದುರು, ನಾನೇ ಬರೆದ ಸಾಲು ನನಗೇ ಮರೆತುಹೋಯಿತು. ಬಾಯಿ ತೆರೆದಿದೆ, ಮಾತಿಲ್ಲ. ಅರ್ಧ ಪೆಟ್ಟೂ ಖಾಲಿ ಹೋಗದಂತೆ ಮುಕ್ರಮ ಅದನ್ನು ಎತ್ತಿಕೊಂಡ. ಮುಂದಿನ ಸಾಲಿಗೆ ನನ್ನನ್ನು ತಂದು ನಿಲ್ಲಿಸಿ ಹಿಂದೆ ಸರಿದ. ಕೇಳುವವರಿಗೆ ಅದು ಹಾಡಿನದೇ ಭಾಗ ಅನ್ನಿಸಿತು.

ಕೆಳಗಿಳಿದ ಮೇಲೆ ಅವನ ಕೈ ಹಿಡಿದುಕೊಂಡೆ. “ಮುಕ್ಯಾ, ಮಾನಾ ಉಳಿಸಿದಿ” ಎಂದೆ.

“ಹಿಡದದ್ದ ಮಾತಾಡಬಾರದಲೇ” ಎಂದು ಕೈ ಬಿಡಿಸಿಕೊಂಡ. “ಅಬ್ಬಾ ಕೇಳಿದ್ರ ಬೈತಾರ.”

ನಾವು ಜಗಳವಾಡಿ ಬೇರೆಯಾಗಲಿಲ್ಲ. ನನಗೆ ಅಫಜಲಪುರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಿಕೆ ಸಿಕ್ಕಿತು. ಜುಬೇರ ಸೋಲಾಪುರಕ್ಕೆ ಹೋಗಿ ಮದುವೆಗಳಿಗೆ ಡಿಜೆ ಹಾಕುತ್ತಾ, ಆಮೇಲೆ ಅಲ್ಲೇ ಸಣ್ಣ ಸ್ಟುಡಿಯೊ ಮಾಡಿಕೊಂಡ. ಮುಕ್ರಮ ಬೇಳೆ ಮಿಲ್ಲು ಸೇರಿದ. ಹೊಟ್ಟು ಹಾರಿಸುವ ಫ್ಯಾನಿನ ಬದಿಯಲ್ಲಿ ಅವನ ಕೆಲಸ. ನೂರೀನಳನ್ನು ಮದುವೆಯಾದ, ಆಯೇಶಾ ಹುಟ್ಟಿದಳು. ಹಬ್ಬಕ್ಕೊಮ್ಮೆ ಫೋನು, ವರ್ಷಕ್ಕೊಮ್ಮೆ ಭೇಟಿ, ಆಮೇಲೆ ಅದೂ ಇಲ್ಲ. ಕೊನೆಯ ಕಾರ್ಯಕ್ರಮ ೨೦೧೪ರಲ್ಲಿ ಆಗಿತ್ತು. ಅದು ಕೊನೆಯದೆಂದು ಆ ದಿನ ಗೊತ್ತಿರಲಿಲ್ಲ.

೨೦೨೨ರ ಜುಲೈನಲ್ಲಿ ಜುಬೇರ ಇಬ್ಬರಿಗೂ ಒಟ್ಟಿಗೆ ಫೋನು ಹಚ್ಚಿದ.

“ಮತ್ತ ಕೂಡೂಣೇನಲೇ? ಪೂರಾ ಆಲ್ಬಮ್. ಪುಣೆದಾಗ ಒಂದ ಕಂಪನಿ ಅದ, ಹಳೇ ಹಾಡ ಕೇಳಿ ಖುಷಿ ಆಗ್ಯಾರ.”

“ಯಾರ್ ಕೇಳ್ತಾರೋ ನಮ್ಮನ್ನ? ನನ್ನ ತಲಿ ಅರ್ಧಾ ಬೆಳ್ಳಗಾಗ್ಯದ” ಎಂದೆ.

“ಉಳದ ಅರ್ಧಾ ಕರ್ರಗ ಇದ್ದಾಗನ ಮಾಡೂಣು ಬಾ.”

ಮುಕ್ರಮ ನಕ್ಕ. ನಗು ಕೆಮ್ಮಾಯಿತು. “ಮಾಡೂಣು” ಎಂದ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. “ಆದ್ರ ಮೂರೂ ಮಂದಿ” ಎಂದ. ಮತ್ತೆ ಏನೂ ಇಲ್ಲ. “ಕುಂತ ಮಾಡೂಣು.”

ಆಳಂದದಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ.

ಎರಡು ತಿಂಗಳಲ್ಲಿ ಅವನು ‘ಹೊಟ್ಟು’ ಕಳಿಸಿದ. ಗೋದಾಮಿನ ಅದೇ ಸಂದಿನಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ. ಜುಬೇರನ ಬೀಟಿನ ಮೇಲೆ ಅವನ ದನಿ, ಮೊದಲಿಗಿಂತ ತಗ್ಗಿದ್ದು, ಆದರೆ ಅದೇ ದನಿ. ಪ್ರತಿ ಸಾಲಿನ ಕೊನೆಯ ಮಾತು ಇರಲಿಲ್ಲ.

ಮಿಲ್ಲಿನ ಬಾಗ್ಲಾ ತೆರದ್ರ ಸಾಕು ಮಾರಿಗಿ ಹೊಟ್ಟು…
ಮನಿಗಿ ಹೋದ್ರ ಆಯೇಶಾ ನನ್ನ ಬಣ್ಣಾ ನೋಡಿ…
ಅಬ್ಬಾ ಹೊತ್ತ ಚೀಲದ ಭಾರ ನನ್ನ ಎದಿ ಮ್ಯಾಗ…
ಹಾಡ ಅಂದ್ರ ಹಾಡ್ತೇನಿ ದೋಸ್ತ, ಅರ್ಧಾ ನಂದು, ಅರ್ಧಾ…

ಶಾಲೆಯ ಸ್ಟಾಫ್ ರೂಮಿನಲ್ಲಿ ಕಿವಿಗೆ ಫೋನು ಹಿಡಿದು ನಾಲ್ಕು ಸಲ ಕೇಳಿದೆ. ನಾನು ಪುಸ್ತಕ ಓದುವವನು. ಓದಿದವನಿಗೆ ಹೊಳೆಯುವಂಥದ್ದೇ ನನಗೂ ಹೊಳೆಯಿತು: ಹೇಳದೆ ಬಿಟ್ಟ ಮಾತಿಗೆ ಹೇಳಿದ್ದಕ್ಕಿಂತ ತೂಕ ಹೆಚ್ಚು. ಇಷ್ಟು ವರ್ಷ ಮಿಲ್ಲಿನಲ್ಲಿದ್ದರೂ ಮುಕ್ರಮ ನಮ್ಮಿಬ್ಬರಿಗಿಂತ ಮುಂದೆ ಹೋಗಿದ್ದಾನೆ ಎಂದು ಹೊಟ್ಟೆಕಿಚ್ಚೂ ಆಯಿತು. ತಕ್ಷಣ ಫೋನು ಮಾಡಿದೆ.

“ಏನ್ ಹೊಡದಿ ಲೇ! ಎಲ್ಲಿ ಕಲ್ತಿ ಈ ಫ್ಲೋ?”

“ಹಂಗನ… ಇರ್ಲೇನು?” ಎಂದ.

“ಒಂದ ಅಕ್ಷರಾ ಮುಟ್ಟಬ್ಯಾಡ.”

“ಜುಬ್ಯಾನೂ… ಹಂಗ ಅಂದ.” ಕೆಮ್ಮಿದ. ಆಮೇಲೆ, “ನೀ ಯಾವಾಗ ಬರ್ತಿ ಆಳಂದಕ್ಕ?” ಎಂದು ಕೇಳಿದ.

“ಸೂಟಿ ಬಿಡ್ಲಿ, ಬರ್ತೇನಿ.”

ದಸರೆಯ ಸೂಟಿ ಬಂತು. ಪೇಪರು ತಿದ್ದುವುದಿತ್ತು. ಬೇಸಿಗೆ ಬಂತು. ಚುನಾವಣೆಯ ಡ್ಯೂಟಿ ಬಿತ್ತು. ಅಫಜಲಪುರದಿಂದ ಕಲಬುರಗಿಗೆ ಹೋಗಿ ಬಸ್ಸು ಬದಲಿಸಿದರೆ ಆಳಂದ ಅರ್ಧ ದಿನದ ದಾರಿ. ಆ ಅರ್ಧ ದಿನ ನನಗೆ ಹದಿನೈದು ತಿಂಗಳಲ್ಲಿ ಸಿಗಲಿಲ್ಲ.

ಆದರೆ ಲೇಖನ ಬರೆಯಲು ಸಮಯ ಸಿಕ್ಕಿತು. ಕಲಬುರಗಿಯ ಒಂದು ಸಣ್ಣ ಮಾಸಪತ್ರಿಕೆಗೆ ‘ಮೌನದ ಛಂದಸ್ಸು’ ಎಂಬ ಹೆಸರಿನಲ್ಲಿ ನಾಲ್ಕು ಪುಟ ಬರೆದೆ. ‘ಅರ್ಧಾ ನಂದು, ಅರ್ಧಾ’ ಎಂದು ಕವಿ ನಿಲ್ಲಿಸುವಲ್ಲಿ ಉಳಿದರ್ಧ ಯಾರದೆಂಬ ಪ್ರಶ್ನೆಯನ್ನು ಲೋಕದ ಮುಂದೆ ತೆರೆದಿಡುತ್ತಾನೆ ಎಂದು ಬರೆದೆ. ಫೋಟೊ ತೆಗೆದು ಮುಕ್ರಮನಿಗೆ ಕಳಿಸಿದೆ. ಅವನು ಅರ್ಧ ದಿನ ಬಿಟ್ಟು ಉತ್ತರಿಸಿದ: ‘ಓದಿದೆ ಮಾಸ್ತರ. ಚಲೋ ಬರದಿ.’

೨೦೨೪ರ ಜನವರಿಯಲ್ಲಿ, ಮಾರುಕಟ್ಟೆಗೆ ಹೊಸ ತೊಗರಿ ಬರುವ ಹೊತ್ತಿಗೆ, ಮುಕ್ರಮ ತೀರಿಕೊಂಡ. ಮೂವತ್ತೈದು ವರ್ಷ. ಸೋಲಾಪುರದ ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರಂತೆ, ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಮೆತ್ತಗಾಗುವುದಿಲ್ಲ ಎಂದು. ಮಿಲ್ಲಿನವರು ಬೀಡಿ ಸೇದಿದ್ದರಿಂದ ಹೀಗಾಯಿತು ಎಂದರು. ಮುಕ್ರಮ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ದನಿ ಕೆಡುತ್ತದೆಂದು ಐಸಕ್ರೀಮನ್ನೂ ತಿನ್ನುತ್ತಿರಲಿಲ್ಲ. ಕಾಯಿಲೆಯ ವಿಷಯವನ್ನು ನಮ್ಮಿಬ್ಬರಿಗೆ ಹೇಳಬಾರದೆಂದು ಮನೆಯವರಿಂದ ಆಣೆ ಹಾಕಿಸಿಕೊಂಡಿದ್ದ. ಮಣ್ಣಿನ ದಿನ ನಾನು ಹೋಗಿದ್ದೆ. ಆ ದಿನ ಅರ್ಧ ದಿನದ ದಾರಿ ದೂರ ಅನ್ನಿಸಲಿಲ್ಲ.

ಆಲ್ಬಮನ್ನು ಮುಗಿಸಲೇಬೇಕು, ಅವನ ಹೆಸರಿನಲ್ಲಿ ತರಬೇಕು ಎಂದು ಜುಬೇರ ಹಟ ಹಿಡಿದ. ನಾನೂ ಒಪ್ಪಿದೆ. ಉಳಿದ ಹಾಡುಗಳನ್ನು ನಾವಿಬ್ಬರೇ ಹಾಡಿದೆವು. ‘ಹೊಟ್ಟು’ ಹಾಕಲು ಮನೆಯವರ ಒಪ್ಪಿಗೆ ಕೇಳಬೇಕೆಂದು ಆಳಂದಕ್ಕೆ ಹೋದೆವು. ಮಧ್ಯಾಹ್ನದ ಹೊತ್ತು. ಖಾದರಸಾಬರು ಕಟ್ಟೆಯ ಮೇಲೆ ಕೂತಿದ್ದರು. ನೂರೀನ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು. ಜುಬೇರ ತಾನು ಮಿಕ್ಸ್ ಮಾಡಿದ್ದನ್ನು ಸಣ್ಣ ಸ್ಪೀಕರಿನಲ್ಲಿ ಹಚ್ಚಿದ.

ಖಾದರಸಾಬರು ಕಣ್ಣು ಮುಚ್ಚಿ ಕೇಳಿದರು. ಮೊದಲ ಸಾಲು ನಿಂತಲ್ಲಿ ಅವರ ತಲೆ ಸರಕ್ಕನೆ ಮೇಲೆದ್ದಿತು. ಎರಡನೆಯದರಲ್ಲಿ ಜುಬೇರನನ್ನು ನೋಡಿದರು. ಮೂರನೆಯದರಲ್ಲಿ ನನ್ನನ್ನು. ಹಾಡು ಮುಗಿದ ಮೇಲೆ ಕೇಳಿದರು:

“ದನಿ ಯಾರ್ ಹಿಡದಾರ?”

ನಮಗೆ ತಿಳಿಯಲಿಲ್ಲ. “ಏನ್ರಿ ಚಾಚಾ?” ಎಂದ ಜುಬೇರ.

“ಅವಂದ ಉಸರ ಬಿದ್ದದ. ಒಂದ ಸಲ ಅಲ್ಲ, ನಾಕ ಸಲ ಬಿದ್ದದ. ಹಿಂದ ಯಾರ್ ನಿಂತಿದ್ರಿ?”

ಜುಬೇರ ಬಾಯಿ ತೆರೆದು, “ಚಾಚಾ, ಅದು ಫ್ಲೋ ಅಂತಾರ…” ಎಂದು ಶುರು ಮಾಡಿದ. ನಾನು ಅವನ ತೊಡೆ ಒತ್ತಿದೆ. ನನಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಎಲೆ ಅಡಿಕೆಯ ಚಾಂದಪಾಶಾ, ಜೇವರ್ಗಿಯ ಕಾರ್ಯಕ್ರಮ, ‘ಕುಂತ ಮಾಡೂಣು’, ‘ಹಂಗನ ಇರ್ಲೇನು’, ಎಲ್ಲ.

ನೂರೀನ ಒಳಗೆ ಹೋಗಿ ಆಯೇಶಾಳ ಹಳೆಯ ಕಾಪಿ ಪುಸ್ತಕ ತಂದಳು. ಅದರ ಹಿಂದಿನ ಹಾಳೆಗಳಲ್ಲಿ ಮುಕ್ರಮ ‘ಹೊಟ್ಟು’ ಬರೆದಿದ್ದ. ಸಾಲುಗಳು ನೀಲಿ ಪೆನ್ನಿನಲ್ಲಿದ್ದವು. ಕೊನೆಯ ಮಾತುಗಳು ಮಾತ್ರ ಬೇರೆ, ಕೆಂಪಿನಲ್ಲಿ. ‘ಬಡೀತದ’ ಎಂಬುದರ ಮುಂದೆ ಜುಬ್ಯಾ ಎಂದು ಬರೆದಿತ್ತು. ‘ನಗತಾಳ’ದ ಮುಂದೆ ಜಗ್ಯಾ, ಅಂದರೆ ನಾನು. ‘ಕುಂತದ’ದ ಮುಂದೆ ಮತ್ತೆ ಜುಬ್ಯಾ. ಕೊನೆಯ ಸಾಲಿನಲ್ಲಿ, ‘ಅರ್ಧಾ ನಂದು, ಅರ್ಧಾ’ ಆದ ಮೇಲೆ, ‘ನಿಮ್ದು’ ಎಂದಿತ್ತು. ಅದರ ಮುಂದೆ ಇಬ್ಬರ ಹೆಸರೂ.

“ಮನ್ಯಾಗ ಬೀಟ್ ಹಚ್ಚಿ ಅಂತಿದ್ರು ಭಾಯಿ” ಎಂದಳು ನೂರೀನ. “ಇಲ್ಲಿ ಜುಬ್ಯಾ ಬರ್ತಾನ ನೋಡು, ಇಲ್ಲಿ ಮಾಸ್ತರ ಬರ್ತಾನ ನೋಡು. ನಾ ಅಂದೆ, ಫೋನ್ ಮಾಡಿ ಹೇಳ್ರಲ, ಅವರಿಗೇನ್ ಕನಸ ಬೀಳ್ತದೇನು? ಹೇಳಬಾರದು, ಅವರಿಗಿ ಗೊತ್ತದ ಅಂದ್ರು.”

ನಾನು ಪುಸ್ತಕ ನೋಡುತ್ತಲೇ ಇದ್ದೆ.

“ನೀವು ಪೇಪರಿನಾಗ ಬರದಿದ್ರಲ್ಲ, ಅದನ್ನೂ ಓದಿದ್ರು. ಭಾಳ ಹೊತ್ತು ನಕ್ಕರು. ನಕ್ಕ ನಕ್ಕ ಕೆಮ್ಮ ಬಂತು. ಆಮ್ಯಾಲ ಈ ಪುಸ್ತಕ ಟ್ರಂಕಿನಾಗ ಇಟ್ಟಬಿಟ್ರು.”

ಜುಬೇರ ಖಾದರಸಾಬರ ಮೊಣಕಾಲು ಮುಟ್ಟಿ ಮಾತು ಕೊಟ್ಟ. “ಹಿಡೀತೇವಿ ಚಾಚಾ. ಈಗರೇ ಹಿಡೀತೇವಿ. ಹಿಡದ ಹಾಡನ ಹೊರಗ ಬರ್ತದ.”

ಮುಂದಿನ ವಾರ ಸೋಲಾಪುರಕ್ಕೆ ಹೋಗಿ ನಮ್ಮ ಮಾತುಗಳನ್ನು ರೆಕಾರ್ಡ್ ಮಾಡಿದೆವು. ನಾಲ್ಕೇ ಮಾತು. ಇಡೀ ದಿನ ಹಿಡಿಯಿತು. ನಾವು ಒಮ್ಮೆ ಮೊದಲೇ ನುಗ್ಗುತ್ತಿದ್ದೆವು, ಒಮ್ಮೆ ತಡವಾಗುತ್ತಿದ್ದೆವು. ನೋಡಲು ಎದುರಿಗೆ ಅವನ ಎದೆಯಿರಲಿಲ್ಲ, ಕತ್ತಿನ ನರವಿರಲಿಲ್ಲ. ಪರದೆಯ ಮೇಲೆ ಅವನ ದನಿಯ ಗೆರೆ ಮಾತ್ರ ಇತ್ತು. ಕೊನೆಗೆ ಜುಬೇರ ಕಂಪ್ಯೂಟರಿನಲ್ಲಿ ಎಳೆದು ಎಳೆದು ಜಾಗಕ್ಕೆ ಕೂರಿಸಿದ. ಕೇಳಿದೆವು. ಪರವಾಗಿಲ್ಲ ಎಂದೆ. ಅವನೂ ಪರವಾಗಿಲ್ಲ ಎಂದ.

ಆಲ್ಬಮ್ ಹೊರಬಂದ ದಿನ ತರಗತಿ ಬಿಟ್ಟು ಬಂದು ‘ಹೊಟ್ಟು’ ಹಚ್ಚಿದೆ. ನಾವಿರಲಿಲ್ಲ. ನಾಲ್ಕು ಜಾಗವೂ ಖಾಲಿ.

ಜುಬೇರನಿಗೆ ಫೋನು ಹಚ್ಚಿದೆ. “ಎಲ್ಲದಲೇ ನಮ್ಮ ದನಿ?”

“ಕಂಪನಿಯವ್ರು ಬ್ಯಾಡ ಅಂದ್ರು.”

“ಚಾಚಾಗ ಮಾತ ಕೊಟ್ಟಾಂವ ಕಂಪನಿಯಾಂವ ಏನು?”

“ಜಗ್ಯಾ, ಸಮಾಧಾನದಿಂದ ಕೇಳು. ಸತ್ತಾವನ ದನಿ ಮ್ಯಾಗ ನಮ್ಮ ದನಿ ಹಾಕಿದ್ರ ಜನಾ ಮಾರಿಗಿ ಉಗುಳ್ತಾರ. ಅವನ್ನ ಅವನಷ್ಟಕ್ಕ ಬಿಡೂದ ಮರ್ಯಾದಿ ಅಂದ್ರು. ನನಗೂ ಖರೇ ಅನಿಸ್ತು.”

“ಮರ್ಯಾದಿ ಅಲ್ಲಲೇ ಅದು. ಅಂವ ಒಬ್ಬನ ನಿಂತಾನ ಅಲ್ಲಿ. ನಾಕ ಸಲ ನಿಂತಾನ.”

ಅವನ ದನಿಯೂ ಏರಿತು. “ಹೌದು, ನಿಂತಾನ! ಆವತ್ತ ಒಂದ ಅಕ್ಷರಾ ಮುಟ್ಟಬ್ಯಾಡ ಅಂದಾಂವ ಯಾರು? ಪೇಪರಿನಾಗ ಬರದಾಂವ ಯಾರು? ಕಂಪನಿಯವರಿಗಿ ಈ ಹಾಡ ಯಾಕ ಬೇಕಾತು ಗೊತ್ತೇನ್ ನಿನಗ? ನಿನ್ನ ಲೇಖನ ಓದಿ! ಹಾಡಿನ ಕೆಳಗ ನೋಡು, ಏನ್ ಹಾಕ್ಯಾರ.”

ನೋಡಿದೆ. ಹಾಡಿನ ಪರಿಚಯ ಎಂದು ನನ್ನ ಲೇಖನದ ಸಾಲನ್ನೇ ಹಾಕಿದ್ದರು: ‘ಉಳಿದರ್ಧ ಯಾರದೆಂಬ ಪ್ರಶ್ನೆಯನ್ನು ಕವಿ ಲೋಕದ ಮುಂದೆ ತೆರೆದಿಡುತ್ತಾನೆ.’ ಕೆಳಗೆ ನನ್ನ ಹೆಸರು.

ಲೋಕದ ಮುಂದೆ ಅವನು ಏನನ್ನೂ ಇಟ್ಟಿರಲಿಲ್ಲ. ನನ್ನ ಮುಂದೆ ಇಟ್ಟಿದ್ದ. ಕೆಂಪು ಪೆನ್ನಿನಲ್ಲಿ ನನ್ನ ಹೆಸರು ಬರೆದೇ ಇಟ್ಟಿದ್ದ.

ಜುಬೇರನ ಮೇಲೆ ನನಗಿರುವ ಸಿಟ್ಟು ಆರಿಲ್ಲ. ಆರುವ ಲಕ್ಷಣವೂ ಕಾಣುವುದಿಲ್ಲ. ಆದರೆ ಅವನು ಅಂದು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ.

ಹೋದ ಭಾನುವಾರ ಆಳಂದಕ್ಕೆ ಹೋಗಿದ್ದೆ. ನಾವು ಸೋಲಾಪುರದಲ್ಲಿ ದನಿ ಸೇರಿಸಿದ ಹಾಡು ನನ್ನ ಫೋನಿನಲ್ಲಿತ್ತು. ಅದನ್ನಾದರೂ ಖಾದರಸಾಬರಿಗೆ ಕೇಳಿಸೋಣವೆಂದು ಹೋದೆ. ಅವರು ಅದೇ ಕಟ್ಟೆಯ ಮೇಲಿದ್ದರು. ನೂರೀನ ಹೊಲಿಗೆ ಮಿಷನ್ನಿನ ಮುಂದಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಜುಬೇರನನ್ನು ಅವರು ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಡು ಹಚ್ಚಿದೆ. ಜುಬೇರನ ‘ಬಡೀತದ’ ಬಂತು. ನನ್ನ ‘ನಗತಾಳ’ ಬಂತು. ಅಲ್ಲಿಗೇ ಅವರು ಕೈ ಎತ್ತಿದರು.

“ಸಾಕು. ಇದ ನಿಮ್ಮ ಕಡೇನ ಇರ್ಲಿ.”

“ಯಾಕ್ರಿ ಚಾಚಾ? ಹಿಡದಿಲ್ಲೇನು?”

“ಹಿಡದೀರಿ. ಯಾರದ ಹಿಡದೀರಿ? ಅಂವ ಎಲ್ಲಿ ಅದಾನ ಈಗ?” ಎಂದರು. ಫೋನಿನತ್ತ ಕೈ ತೋರಿ, “ಆ ಇನ್ನೊಂದು ಹಚ್ಚು. ಮಂದಿ ಕೇಳ್ತಾರಲ್ಲ, ಅದು” ಎಂದರು.

“ದಿನಾ ಮುಂಜಾನಿ ಅದನ ಹಚ್ಚಿಸಿಕೋತಾರ್ರಿ” ಎಂದಳು ನೂರೀನ, ಹೊಲಿಗೆಯಿಂದ ತಲೆ ಎತ್ತದೆ. “ನಾ ಹಚ್ಚಿ ಕೊಟ್ಟು ಕೆಲಸಕ್ಕ ಹತ್ತತೇನಿ.”

“ಅದ್ರಾಗ ನನಗ ಜಾಗಾ ಅದ” ಎಂದರು ಖಾದರಸಾಬರು.

ಹಚ್ಚಿದೆ. ಮುಕ್ರಮ ಶುರು ಮಾಡಿದ. ಮುದುಕರು ಬೆನ್ನು ನೆಟ್ಟಗೆ ಮಾಡಿ, ಒಂದು ಕೈ ಕಿವಿಗೆ ಹಚ್ಚಿಕೊಂಡು ಕೂತರು. ಮೊಹರಮಿನಲ್ಲಿ ಹಿಂದೆ ನಿಲ್ಲುವವರು ನಿಲ್ಲುವುದು ಹಾಗೆ. ‘ಮಾರಿಗಿ ಹೊಟ್ಟು’ ಎಂದು ಮಗ ನಿಂತಲ್ಲಿ ಅವರು ‘ಬಡೀತದ’ ಎಂದು ಎತ್ತಿಕೊಂಡರು. ಒಡೆದ ದನಿ, ಆದರೆ ಕೂದಲೆಳೆಯಷ್ಟೂ ಸಂದಿರಲಿಲ್ಲ. ಅದು ಮಗನ ಬಾಯಿಂದಲೇ ಬಂದ ಹಾಗಿತ್ತು. ‘ನಗತಾಳ’ವನ್ನೂ ಹಾಗೆಯೇ ಹಿಡಿದರು. ಮೂರನೆಯದು ತಮ್ಮದೇ ಚೀಲದ ಸಾಲು. ಅಲ್ಲಿ ಅವರಿಗೂ ಉಸಿರು ಸಾಲಲಿಲ್ಲ. ‘ಕುಂತದ’ ಎನ್ನುವಷ್ಟರಲ್ಲಿ ಬೀಟ್ ಮುಂದೆ ಹೋಗಿತ್ತು. ಫೋನು ಯಾರಿಗೂ ಕಾಯಲಿಲ್ಲ.

ನಾಲ್ಕನೆಯ ಸಾಲು ಬಂತು. ‘ಹಾಡ ಅಂದ್ರ ಹಾಡ್ತೇನಿ ದೋಸ್ತ, ಅರ್ಧಾ ನಂದು, ಅರ್ಧಾ’ ಎಂದು ಮುಕ್ರಮ ನಿಂತ.

ಖಾದರಸಾಬರು ಬಾಯಿ ತೆರೆಯಲಿಲ್ಲ. ಕಿವಿಯ ಮೇಲಿನ ಕೈ ಇಳಿಸಿ ನೆಲ ನೋಡುತ್ತಾ ಕೂತರು. ಅವರಿಗೂ ಉಸಿರು ಮುಗಿಯಿತೇನೋ ಎಂದುಕೊಂಡೆ. ಒಂದು ಪೆಟ್ಟು ಹೋಯಿತು. ಎರಡು ಹೋಯಿತು. ಆ ಮಾತು ಅವರದಲ್ಲ, ನನ್ನದು, ನನಗಾಗಿ ಬಿಟ್ಟಿದ್ದಾರೆ ಎಂದು ಹೊಳೆದು ನಾನು ಬಾಯಿ ತೆರೆಯುವಷ್ಟರಲ್ಲಿ ಹಾಡು ಮುಗಿದಿತ್ತು.

ಮಿಷನ್ನಿನ ಸದ್ದು ನಿಂತಿತ್ತು. ಖಾದರಸಾಬರು ನನ್ನತ್ತ ನೋಡಲಿಲ್ಲ. ಹಿಡಿ ಎಂದು ಅವರು ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು. ಕೈಯನ್ನು ಮತ್ತೆ ಕಿವಿಗೆ ಹಚ್ಚಿಕೊಂಡರು.

“ಮತ್ತ ಮೊದಲಿಂದ ಹಚ್ಚು” ಎಂದರು.

ಹಚ್ಚಿದೆ.